ಜಗನ್‌ಗೆ ಬಾಣಂತಿ ಸಾರು

"ತೋಟದಲ್ಲಿರೋ ಸೊಪ್ಪು ಇಷ್ಟೇ," ಎಂದು ಜಗನ್ ಹಿಪ್ಪುನೇರಳೆ ಹೊರೆಯನ್ನು ಹುಳುಮನೆಯ ಬಾಗಿಲಲ್ಲಿ ದೊಪ್ಪನೆ ಇಳಿಸಿದ. ಒಳಗೆ ರೇಷ್ಮೆ ಹುಳುಗಳು ತಲೆಯೆತ್ತಿ ಕಾಯುತ್ತಿದ್ದವು. ಆ ಹೊರೆ ಅವಕ್ಕೆ ಯಾವ ಮೂಲೆಗೂ ಸಾಲದು.

ತಪ್ಪು ಅವನದೇ. ಒಂದು ಹದ ಮಳೆ ಬಿದ್ದು ತೋಟ ಚಿಗುರಿದ್ದೇ ತಡ, ಉಬ್ಬಿಹೋಗಿ ಎಂದಿಗಿಂತ ದುಪ್ಪಟ್ಟು ಮರಿಹುಳು ತಂದುಬಿಟ್ಟಿದ್ದ. ಅಷ್ಟರಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಶಿಡ್ಲಘಟ್ಟದ ಸುತ್ತ ನೀರು ಪಾತಾಳ ಸೇರಿರುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆಸೆ ಕೇಳಬೇಕಲ್ಲ!

"ಸೊಪ್ಪು ನೋಡ್ಕೊಂಡು ಹುಳು ತರ್ಬೇಕು ಕಣೋ," ಎಂದು ತಾಯಿ ಆದಿಲಕ್ಷ್ಮಮ್ಮ ಗೊಣಗಿದರು.

"ನಾನೂ ಅದನ್ನೇ ಬಡ್ಕೊಳ್ತಿರೋದು ಅತ್ತೆ," ಎಂದಳು ಸೊಸೆ ಸಂಘಮಿತ್ರ. "ಇಬ್ರು ಹೆಣ್ಮಕ್ಳು ಸಾಕು ಅಂದ್ರೆ, ಗಂಡಿಗೆ ಇನ್ನೊಂದ್ಸಲ ನೋಡಣ ಅಂತಾರೆ."

"ಬೇಡ ಅಂದ್ರೆ ನೀನೇ ಆಪರೇಷನ್ ಮಾಡಿಸ್ಕೋ," ಎಂದ ಜಗನ್.

ಅವಳಿಗೆ ಎರಡೂ ಹೆರಿಗೆ ಹೊಟ್ಟೆ ಕೊಯ್ದೇ ಆಗಿತ್ತು. ಎರಡನೆಯದರ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮುಗಿಸಿಬಿಡೋಣವೆಂದಾಗ ಬೇಡವೆಂದವನು ಇವನೇ. ಈಗ ಮೈಯಲ್ಲಿ ರಕ್ತವಿಲ್ಲ, ಗರ್ಭ ತಡೆಯುವ ಮಾತ್ರೆ ನುಂಗಿದರೆ ತಲೆಸುತ್ತು. ಗಂಡಸರ ಆಪರೇಷನ್ ಸುಲಭ, ಅವತ್ತೇ ಮನೆಗೆ ಬರಬಹುದು ಎಂದು ಡಾಕ್ಟರಮ್ಮ ಅವನೆದುರಿಗೇ ಹೇಳಿದ್ದರು.

"ಇನ್ನೊಂದ್ಸಲ ನನ್ ಹೊಟ್ಟೆಗೆ ಕತ್ತರಿ ಹಾಕ್ಸಲ್ಲ. ನೀವೇ ಹೋಗಿ."

"ಹೊರೆ ಹೊರೋನು ನಾನು. ಸೊಂಟ ಬಿದ್ದೋದ್ರೆ?"

ಅದೇ ಹೊತ್ತಿಗೆ ಅಪ್ಪ ನರಸಿಂಹಪ್ಪ ಪಕ್ಕದ ತೋಟದ ಗಂಗುಲಪ್ಪನನ್ನು ಕೇಳಿ ತಂದ ಸೊಪ್ಪನ್ನು ಹೊತ್ತು ಬಂದರು. ಮಗನದಕ್ಕಿಂತ ದೊಡ್ಡ ಹೊರೆ. ಆದಿಲಕ್ಷ್ಮಮ್ಮ ಗಂಡನನ್ನೇ ನೋಡಿದರು. "ಇವತ್ತಾದ್ರೂ ಹೇಳ್ರೀ ಇವ್ನಿಗೆ."

ನರಸಿಂಹಪ್ಪ ನಿಧಾನವಾಗಿ ಕತ್ತು ಒರೆಸಿಕೊಂಡರು. "ನೀನು ಹುಟ್ಟುವಾಗ ಇವ್ಳು ಸತ್ತು ಬದುಕಿದ್ಲು. ನೀನೊಬ್ಬನೇ ಸಾಕು ಅಂತ ಚಿಂತಾಮಣಿ ಆಸ್ಪತ್ರೆಗೆ ಹೋಗಿ ನಾನೇ ಆಪರೇಷನ್ ಮಾಡಿಸ್ಕೊಂಡ್ ಬಂದೆ. ಅವತ್ತಿಂದ ಹೊರೆ ಹೊರ್ತಾನೇ ಇದೀನಿ ಕಣಪ್ಪ."

"ಇವ್ರನ್ನ ಆಡ್ಕೊಂಡು ನಗ್ತಾರೆ ಅಂತ, ಊರೋರ್ಗೆಲ್ಲ ನಂಗೇ ಆಗಿದ್ದು ಅಂದೆ." ಆದಿಲಕ್ಷ್ಮಮ್ಮ ಸೊಸೆಯತ್ತ ತಿರುಗಿದರು. "ಇವತ್ತು ನಾನ್ ಉಸಿರಾಡ್ತಿರೋದು ಇವ್ರಿಂದ ಕಣಮ್ಮ."

ಜಗನ್ ಅಪ್ಪ ತಂದ ಹೊರೆ ಬಿಚ್ಚಿ ಹುಳುಗಳಿಗೆ ಸೊಪ್ಪು ಹಾಕತೊಡಗಿದ.

ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗಿದ ಮೇಲೆ ಗಂಡ ಹೆಂಡತಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಬಂದರು. ಸಂಜೆ ಅವರು ಬಸ್ಸಿಳಿದು ಬರುವಷ್ಟರಲ್ಲಿ ಆದಿಲಕ್ಷ್ಮಮ್ಮ ಮೆಣಸು ಬೆಳ್ಳುಳ್ಳಿ ಅರೆದು ಬಾಣಂತಿಯರ ಸಾರು ಕಾಯಿಸಿಟ್ಟಿದ್ದರು. ಬೇಡ ಬೇಡವೆಂದರೂ ಬಿಡದೆ ಮಗನ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಜಗಲಿಯಲ್ಲಿ ಕೂರಿಸಿದರು. ಮಕ್ಕಳಿಬ್ಬರೂ ಅಪ್ಪನ ವೇಷ ನೋಡಿ ಬಿದ್ದುಬಿದ್ದು ನಕ್ಕರು. ಸಂಘಮಿತ್ರಳಿಗೂ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಈ ಮನೆ ಸೇರಿದ್ದು ತನ್ನ ಪುಣ್ಯ ಅನ್ನಿಸಿತು.

ಬೀದಿಯಲ್ಲಿ ಹೋಗುತ್ತಿದ್ದ ಗಂಗುಲಪ್ಪ ನಿಂತ. "ಏಮಪ್ಪಾ ಜಗನ್ನು, ಮೈಗೆ ಹುಷಾರಿಲ್ವಾ?"

ಹೂಂ ಅನ್ನು ಎಂದು ಆದಿಲಕ್ಷ್ಮಮ್ಮ ಮಗನಿಗೆ ಕಣ್ಸನ್ನೆ ಮಾಡಿದರು.

"ಹುಷಾರಾಗೇ ಇದೀನಿ ಗಂಗುಲಣ್ಣ. ಮಕ್ಳು ಸಾಕು ಅಂತ ಆಪರೇಷನ್ ಮಾಡಿಸ್ಕೊಂಡ್ ಬಂದೆ."

"ನೀನಾ?"

"ಹೂಂ, ನಾನೇ."

ಕಂಬಕ್ಕೊರಗಿ ಕೂತಿದ್ದ ನರಸಿಂಹಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನಂದೂ ಆಗಿದೆ ಕಣಯ್ಯ. ಹಳೇದು."

ಆದಿಲಕ್ಷ್ಮಮ್ಮ ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದರು. ಗಂಡನ ಮುಂದಿಟ್ಟು, ಬಿಸಿ ಸಾರನ್ನು ಅಂಚಿನ ತನಕ ಬಡಿಸಿದರು.