ಇಪ್ಪತ್ತೈದರಲ್ಲಿ ಹನ್ನೊಂದು

ತಪ್ಪು ನನ್ನದೇ. ಮನಃಶಾಸ್ತ್ರ ಹೇಳಿಕೊಡುವವಳು ಪುಸ್ತಕದಲ್ಲಿದ್ದಷ್ಟು ಹೇಳಿ ಸುಮ್ಮನಿರಬೇಕಿತ್ತು.

ಸಾಗರದ ನಮ್ಮ ಕಾಲೇಜಿನಲ್ಲಿ ಅಂದು ಪರಾಮನೋವಿಜ್ಞಾನದ ಪಾಠ. ಕಣ್ಣು ಕಿವಿಗಳ ನೆರವಿಲ್ಲದೆ ಮನಸ್ಸಿಗೆ ಏನಾದರೂ ತಿಳಿಯುತ್ತದೆಯೇ ಎಂದು ನೋಡಲು ನೂರನಲವತ್ತು ವರ್ಷಗಳ ಹಿಂದೆಯೇ ಲಂಡನ್ನಿನ ಪಂಡಿತರು ಸಂಘ ಕಟ್ಟಿದ್ದು, ಆಮೇಲೆ ಅಮೆರಿಕದವರು ಅದನ್ನೇ ಕಾರ್ಡುಗಳಿಂದ ಅಳೆಯಹೊರಟಿದ್ದು, ಎಲ್ಲ ಹೇಳಿದೆ. ವೃತ್ತ, ಕೂಡುವ ಗುರುತು, ಅಲೆ, ಚೌಕ, ನಕ್ಷತ್ರ. ಐದೈದರಂತೆ ಇಪ್ಪತ್ತೈದು ಕಾರ್ಡು. ಹಳೆಯ ಮದುವೆ ಕಾಗದ ಕತ್ತರಿಸಿ ನಾನೇ ಮಾಡಿಕೊಂಡು ಹೋಗಿದ್ದೆ. ಕಾರ್ಡು ನೋಡದೆ ಕಾವ್ಯಾ ಎಂಬ ವಿದ್ಯಾರ್ಥಿನಿ ಹನ್ನೊಂದು ಸರಿ ಹೇಳಿಬಿಟ್ಟಳು. ಎಪ್ಪತ್ತು ಜನರ ತರಗತಿಯಲ್ಲಿ ಯಾರಿಗೋ ಒಬ್ಬರಿಗೆ ಹೀಗೆ ಆಗುವುದುಂಟು, ಇದು ಆಕಸ್ಮಿಕ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವರು ಯಾರೋ ತೆಗೆದ ವಿಡಿಯೊ ಊರೂರು ಸುತ್ತುತ್ತಿತ್ತು. ಇಂಥದಕ್ಕೆ ಮಾತ್ರ ನಮ್ಮಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತದೆ.

ನಾಲ್ಕನೆಯ ದಿನ ಹೊಸನಗರದ ಕಡೆಯ ಭೂತಪ್ಪ ಎಂಬವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅವರ ಮಗ ಹರ್ಷವರ್ಧನ ಲಿಂಗನಮಕ್ಕಿ ಹಿನ್ನೀರಿಗೆ ಬಲೆ ಹಾಕಲು ಹೋಗಿ, ತೆಪ್ಪ ಮಗುಚಿ ಹನ್ನೆರಡು ದಿನವಾಗಿತ್ತು. ಹುಡುಕಲು ಬಂದವರು ಹುಡುಕಿ ಸೋತು ವಾಪಸಾಗಿದ್ದರು. ಭೂತಪ್ಪನವರ ಕೈಯಲ್ಲಿ ಮಗನ ಅಂಗಿ ಇತ್ತು.

“ಹೆಣ ಸಿಗ್ದೆ ದಿನ ಮಾಡೋದು ಹ್ಯಾಂಗೆ ಮೇಡಂ? ಅವನವ್ವ ಹೂವಮ್ಮ ಈಗ್ಲೂ ಅವನ ಪಾಲಿನ ಅಕ್ಕಿ ಸೇರ್ಸೇ ಬೇಯಿಸ್ತಾಳೆ. ಆ ಹುಡುಗಿ ಹತ್ರ ಒಂದ್ಸಲ ಕೇಳ್ಸಿ.”

ಭ್ರಮೆ ಬಿಡಿಸೋಣವೆಂದು ಕಾವ್ಯಾಳನ್ನು ಕರೆಸಿ ಅವರೆದುರೇ ಮತ್ತೆ ಕಾರ್ಡು ಹಿಡಿದೆ. ಈ ಸಲ ನಾಲ್ಕೇ ಸರಿ ಬಂತು.

“ನೋಡಿ, ಇವಳಿಗೆ ಏನೂ ಕಾಣಲ್ಲ. ಬಾಯಿಗೆ ಬಂದದ್ದು ಹೇಳಿದ್ರೆ ನಿಮಗೂ ಐದರಲ್ಲಿ ಒಂದು ಸರಿ ಬರುತ್ತೆ,” ಎಂದೆ.

“ನಾಲ್ಕು ಸರಿ ಬಂತಲ್ಲ ಮೇಡಂ,” ಎಂದು ಅವರು ಅಂಗಿಯನ್ನು ಕಾವ್ಯಾಳ ಕೈಗಿಟ್ಟರು. “ಹೇಳು ಮಗಳೇ, ಯಾವ ಬದಿ?”

ಹುಡುಗಿ ಅತ್ತೇಬಿಟ್ಟಳು. ಸಂಕಟ ತಡೆಯಲಾರದೆ, “ಒಣಮರದ ಬೊಡ್ಡೆ ಇರೋ ಕಡೆ,” ಎಂದಳು. ನನಗೆ ರೇಗಿತು. ಕಾಡನ್ನೇ ಮುಳುಗಿಸಿ ನಿಂತ ಆ ಹಿನ್ನೀರಿನಲ್ಲಿ ಬೊಡ್ಡೆ ಇಲ್ಲದ ಬದಿ ಎಲ್ಲಿದೆ?

ಒಂದು ವಾರ ಭೂತಪ್ಪ ತಮ್ಮನಾದ ಬೆಳ್ಳಪ್ಪನನ್ನು ಕಟ್ಟಿಕೊಂಡು ಬೊಡ್ಡೆಗಳ ನಡುವೆ ಮುಳುಗಿ ಹುಡುಕಿದರಂತೆ. ಸೋಮವಾರ ತರಗತಿಯಿಂದ ಕಾವ್ಯಾಳನ್ನೂ ಕರೆದುಕೊಂಡು ಮತ್ತೆ ಬಂದರು. ಅವರ ಕೈ ಮೊಣಕೈ ತನಕ ತರಚಿತ್ತು. ಬೈದಿದ್ದರೆ ಕಾಲಿಗೆ ಬಿದ್ದು ಕ್ಷಮೆಯಾದರೂ ಕೇಳುತ್ತಿದ್ದೆ. ಅವರು ಬೈಯಲಿಲ್ಲ.

“ಸಿಗ್ಲಿಲ್ಲ. ಬೇಜಾರಿಲ್ಲ ಬಿಡಿ. ಐದ್ರಲ್ಲಿ ಒಂದು ಸರಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ಇವಳು ಹೇಳಿದ್ದು ಒಂದೇ ಜಾಗ. ಇನ್ನು ನಾಲ್ಕು ಹೇಳ್ಸಿಬಿಡಿ.”

ಐದು ಗುರುತಿನ ಕಾರ್ಡಿನ ಲೆಕ್ಕ ಬೇರೆ, ಅಷ್ಟು ನೀರಿನ ಲೆಕ್ಕ ಬೇರೆ ಎನ್ನಬೇಕಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ ಇದು. ಆದರೆ ಅಷ್ಟು ಹೇಳಿದರೆ ಈ ಮನುಷ್ಯನಿಗೆ ನಾಳೆ ಬೆಳಿಗ್ಗೆ ಹೋಗಲು ಒಂದು ಜಾಗವೂ ಉಳಿಯುವುದಿಲ್ಲ.

ಕಾವ್ಯಾ ನನ್ನ ಮುಖ ನೋಡಿದಳು. ಭೂತಪ್ಪ ಪೆನ್ನು ತೆಗೆದು, ಬರೆದುಕೊಳ್ಳಲು ಅಂಗೈ ಬಿಚ್ಚಿದರು.

“ಹೇಳಮ್ಮ,” ಎಂದೆ ನಾನು.