ಹಿಂದಿನ ಕೋಣೆಯ ವರದಿ

‘ದೋಷಗಳು’ ಎಂದು ಟೈಪ್ ಮಾಡಿ ಶಶಿರೇಖಾ ಬೆರಳು ನಿಲ್ಲಿಸಿದಳು. ತೊಡೆ ಸುಡುತ್ತಿತ್ತು. ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡು, ಅದರ ಮೇಲೆ ಕಂಪ್ಯೂಟರನ್ನು ಇಟ್ಟು, ಮೊದಲ ದೋಷ ಬರೆದಳು: ಇಪ್ಪತ್ತು ನಿಮಿಷಕ್ಕೆ ತಳ ಕಾಯುತ್ತದೆ. ಎರಡನೆಯದು: ನೋಟ್‌ಬುಕ್ ಎಂದು ಹೆಸರು, ತೂಕ ಮೂರು ಕಿಲೋಗೂ ಹೆಚ್ಚು. ಮೂರನೆಯದು: ಬಾಣದ ಗುರುತನ್ನು ಬೇಗ ಸರಿಸಿದರೆ ಪರದೆಯ ಮೇಲೆ ಕಾಣೆಯಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಅಕ್ಷರ ಕಾಣುವುದಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ಯೋಚಿಸಿ ಗುಣಗಳ ಪಟ್ಟಿಗೆ ಸೇರಿಸಿದಳು.

ಅವಳು ಹೊರಗಾಗಿ ಅದು ಎರಡನೆಯ ದಿನ. ಮತ್ತಿಗಿರಿಯ ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿಂದಿನ ಕೋಣೆಯಲ್ಲಿರಬೇಕು. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಪ್ಲಗ್ ಇಲ್ಲ. ಕಂಪ್ಯೂಟರಿಗೆ ಮೈಲಿಗೆ ಉಂಟೋ ಇಲ್ಲವೋ ಎಂದು ಅತ್ತೆ ಕಾಮಾಕ್ಷಮ್ಮನಿಗೂ ತಿಳಿಯಲಿಲ್ಲ. “ಬಟ್ಟೇನೂ ಅಲ್ಲ, ಪಾತ್ರೇನೂ ಅಲ್ಲ. ಇಟ್ಕೋ ಹೋಗು” ಎಂದಿದ್ದರು. ಬ್ಯಾಟರಿ ಮುಗಿದಾಗ ಅವಳು ಅದನ್ನು ಹೊಸಿಲ ಮೇಲಿಡುತ್ತಿದ್ದಳು. ಗಂಡ ದ್ವಾರಕಾನಾಥ ಒಳಗೊಯ್ದು ಚಾರ್ಜ್ ಮಾಡಿ ತರುತ್ತಿದ್ದ. ಮೊದಲ ದಿನ ಅದರ ಮೇಲೆ ನೀರು ಚಿಮುಕಿಸಲು ಹೊರಟ ಅತ್ತೆಯನ್ನು ಅವನೇ ಓಡಿ ಬಂದು ತಡೆದಿದ್ದ.

ಅದು ತೊಂಬತ್ತೈದನೆಯ ಇಸವಿ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ಸ್ ಮ್ಯಾನೇಜರ್. ಒಂದು ತಿಂಗಳು ಬಳಸಿ ಗುಣದೋಷ ಬರೆದು ಕೊಡಿ ಎಂದು ಕಂಪನಿಯವರು ಈ ಕಂಪ್ಯೂಟರನ್ನು ಅವನ ಕೈಗೆ ಕೊಟ್ಟಿದ್ದರು. ಎರಡು ಬೆರಳಲ್ಲಿ ಎರಡು ದಿನ ಒದ್ದಾಡಿ ಅವನು ಕೈಬಿಟ್ಟ. ಶಶಿರೇಖಾ ಮದುವೆಗೆ ಮೊದಲು ಕೃಷ್ಣಗಿರಿಯಲ್ಲಿ ಕಲಿತು ಟೈಪ್‌ರೈಟಿಂಗ್ ಹೈಯರ್ ಪಾಸು ಮಾಡಿದವಳು.

“ನೀನೇ ಮಾಡು ಶಶಿ. ಕೊನೇಲಿ ನಿನ್ನ ಹೆಸ್ರೂ ಹಾಕ್ತೀನಿ” ಎಂದಿದ್ದ.

ಆ ಒಂದು ಸಾಲು ಅವಳಿಗೆ ಬೇಕಿತ್ತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳ ಹೆಸರು ಅಚ್ಚಾಗಿದ್ದು ಲಗ್ನಪತ್ರಿಕೆಯಲ್ಲಿ ಮಾತ್ರ.

ಹಿತ್ತಲ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಿದ್ದ ಕೆಲಸದ ವರಲಕ್ಷ್ಮಮ್ಮ ಕತ್ತೆತ್ತಿ ನೋಡಿದಳು. “ಏನಕ್ಕಾ, ನಿನ್ನೆಯಿಂದ ಕುಟ್ತಾನೇ ಇದ್ದೀರಾ. ಹಿಟ್ಟಾದ್ರೂ ಬತ್ತದಾ?”

“ಹೆಸರು ಬರತ್ತೆ, ವರಲಕ್ಷ್ಮಮ್ಮ.”

“ಯಾರ್ದು?” ಎಂದು ಕೇಳಿ ಅವಳು ಮತ್ತೆ ಬೂದಿಗೆ ಕೈ ಹಾಕಿದಳು.

ವರದಿ ಕೊಟ್ಟು ಎರಡು ವಾರ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ದ್ವಾರಕಾನಾಥ ಅದರ ಅಚ್ಚಾದ ಪ್ರತಿ ತಂದ. ಎಂ.ಡಿ. ಮೀಟಿಂಗಿನಲ್ಲಿ ಅದನ್ನು ಓದಿಸಿದರಂತೆ. ಕಂಪ್ಯೂಟರನ್ನು ಅವನಿಗೇ ಕೊಟ್ಟರಂತೆ. ಆಫೀಸಿನಲ್ಲಿರಬೇಕು, ಮನೆಗೆ ತರುವಂತಿಲ್ಲ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತಿರುವಿದಳು. ‘ಪ್ಲಗ್ ಇಲ್ಲದ ಕೋಣೆಯಲ್ಲಿ, ಚಾಪೆಯ ಮೇಲೆ ಕೂತು, ಎರಡು ಗಂಟೆ ಹತ್ತು ನಿಮಿಷ ಕೆಲಸ ಮಾಡಬಹುದು’ ಎಂದು ಅವಳು ಬರೆದದ್ದು ‘ಕರೆಂಟ್ ಇಲ್ಲದ ಗೋಡೌನಿನಲ್ಲಿ, ಪೆಟ್ಟಿಗೆಯ ಮೇಲೆ ಕೂತು’ ಎಂದಾಗಿತ್ತು. ಎರಡು ಗಂಟೆ ಹತ್ತು ನಿಮಿಷ ಹಾಗೇ ಇತ್ತು. ಕೊನೆಯ ಪುಟದಲ್ಲಿ ಒಂದೇ ಹೆಸರು.

“ನನ್ನ ಹೆಸರು ಹಾಕ್ತೀನಿ ಅಂದಿದ್ರಿ.”

“ಹಾಕ್ದೆ ಅಂತಿಟ್ಕೋ. ‘ನಿಮ್ಮನೆಯೋರು ಯಾವಾಗ, ಎಲ್ಲಿ ಕೂತು ಬರೆದ್ರು?’ ಅಂತ ಆಫೀಸಲ್ಲಿ ಕೇಳ್ತಾರೆ. ಏನು ಹೇಳ್ಲಿ? ಮೂರು ದಿನ ಹೊರಗಿದ್ಳು ಅನ್ಲಾ?”

ಒಳಗಿನಿಂದ ಕಾಮಾಕ್ಷಮ್ಮ ನಕ್ಕರು. “ಮಜ್ಜಿಗೆ ಕಡೆದೋಳ ಹೆಸರು ಬೆಣ್ಣೆ ಮೇಲೆ ಬರೀತಾರೇನೆ?”

ಅವಳು ವರದಿಯನ್ನು ಮುಚ್ಚಿ ಅವನ ಕೈಗೆ ಕೊಟ್ಟಳು.

“ನಾಳೆ ಮದ್ರಾಸಿಂದ ಡೈರೆಕ್ಟರ್ಸ್ ಬರ್ತಿದಾರೆ,” ಎಂದ ದ್ವಾರಕಾನಾಥ, ಶೂ ಬಿಚ್ಚುತ್ತ. “ಊಟಕ್ಕೆ ನಮ್ಮನೆಗೇ. ನಮ್ಮ ಕಡೆ ಅಡಿಗೆ ತಿನ್ಬೇಕಂತೆ. ಹನ್ನೆರಡು ಜನ. ಹೋಳಿಗೆ ಆಗ್ಲೇಬೇಕು. ಅಮ್ಮನ ಕೈಲಿ ಆಗಲ್ಲ, ನೀನೇ ನೋಡ್ಕೋ.”

“ಆಯ್ತು” ಎಂದಳು.

ಅಡಿಗೆಮನೆಗೆ ಹೋಗಿ ಡಬ್ಬಿಯಿಂದ ಕಡಲೆಬೇಳೆ ಮೊರಕ್ಕೆ ಸುರಿದುಕೊಂಡಳು. ಕಲ್ಲು ಹೆಕ್ಕಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಹೊರಗಾಗಲು ಇನ್ನೂ ಒಂಬತ್ತು ದಿನ ಇತ್ತು. ದಿನದ ಲೆಕ್ಕ ಇಡುತ್ತಿದ್ದುದು ಅವಳೊಬ್ಬಳೇ. ಅತ್ತೆ ಎಂದೂ ಕೇಳಿದವರಲ್ಲ. ಅವಳು ಹೇಳಿದ ಕ್ಷಣ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಅಷ್ಟೆ. ಅವಳು ಆಡಿದ್ದರಲ್ಲಿ ಈ ಮನೆಯವರು ಮರುಪ್ರಶ್ನೆಯಿಲ್ಲದೆ ನಂಬುತ್ತಿದ್ದ ಮಾತು ಅದೊಂದೇ.

ಈ ಸಲ ಆ ಕೋಣೆಯಲ್ಲಿ ಬೆರಳಿಗೆ ಕೆಲಸವಿರುವುದಿಲ್ಲ. ಇಡೀ ದಿನ ಸುಮ್ಮನೆ ಗೋಡೆ ನೋಡುತ್ತ ಕೂರಬೇಕು. ಕೂರುತ್ತೇನೆ ಎಂದುಕೊಂಡಳು.

“ಬೇಳೆ ಎಷ್ಟು ಹಾಕ್ದೆ?” ಕಾಮಾಕ್ಷಮ್ಮ ಕೇಳಿದರು.

“ಎರಡು ಸೇರು, ಅತ್ತೆ.”

“ಸಾಕು ಬಿಡು. ನಸುಕಲ್ಲೇ ಎದ್ದುಬಿಡು.”

“ಏಳ್ತೀನಿ.”

ಒಲೆ ಹಚ್ಚುವ ಮುಂಚೆಯೇ ಹೇಳಿಬಿಡಬೇಕು. ಆಮೇಲಾದರೆ ಇಡೀ ಅಡಿಗೆಮನೆ ತೊಳೆಯುವ ಕೆಲಸ ಪಾಪ ಅತ್ತೆಗೆ ಬೀಳುತ್ತದೆ. ಅವಳು ಮೊರವನ್ನು ಇನ್ನೊಮ್ಮೆ ಕೇರಿ ಹೊಟ್ಟು ಊದಿದಳು.