ಬಾಗಿಲಿಗಿಟ್ಟ ಪಿಸ್ಟನ್

"ಕೈ ಬಿಡು," ಎಂದ ಡ್ವೇನ್. ಚರ್ಚಿನ ಅಂಗಳದಲ್ಲಿ ಮತ್ತೆ ಟ್ರಕ್ ಹತ್ತಲು ಹೊರಟಿದ್ದ ತಮ್ಮನ ತೋಳನ್ನು ಲೋರೀನ್ ಬಿಡಲಿಲ್ಲ. ಒಳಗೆ ಅಪ್ಪ ಎಲ್ಡನ್‌ನ ಶವಪೆಟ್ಟಿಗೆಯ ಹತ್ತಿರ ಹೊರುವವರು ಐವರೇ ನಿಂತಿದ್ದರು. ಆರನೆಯ ಹಿಡಿ ಮಗನಿಗೇ ಎಂದು ಅಮ್ಮ ಬರ್ನೀಸ್ ಹಟ ಹಿಡಿದು ಕೂತಿದ್ದಳು.

"ಮುಖ ನೋಡಿದ್ದಾಯ್ತು. ಹೊರೋಕೆ ಬಂದೋನಲ್ಲ ನಾನು."

"ಊರೆಲ್ಲ ನೋಡ್ತಿದೆ ಕಣೋ."

"ಅವತ್ತೂ ಊರೆಲ್ಲ ನೋಡ್ತಿತ್ತು."

ನೋಡುತ್ತಿದ್ದುದು ನಿಜ. ಓಹಾಯೊದ ಆ ಮೆಕ್ಕೆಜೋಳದ ಸೀಮೆಯಲ್ಲಿ ಟ್ರಕ್ಕಿಗೆ ಭಾರದ ಬಂಡಿ ಕಟ್ಟಿ ಎಳೆಸುವ ಪಂದ್ಯಕ್ಕೆ ಇಳಿದವರೆಲ್ಲ ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ. ಎಂಜಿನ್ ಒಡೆದರೆ ಎಲ್ಡನ್‌ನ ರಿಪೇರಿ ಷೆಡ್ಡಿಗೇ ಎಳೆದು ತರಬೇಕಿತ್ತು. ಅವನು ಎಲ್ಲರೆದುರು ಬಿಚ್ಚಿ, ತಪ್ಪು ಯಾರದು ಎಂದು ಹೇಳಿ, ಹಾಳಾದ ಪಿಸ್ಟನ್ನಿನ ಮೇಲೆ ತಪ್ಪಿತಸ್ಥನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಮೆಟ್ಟಿಲ ಮೇಲಿದ್ದ ಬಹುಪಾಲು ಜನ ಆ ಗೋಡೆ ಏರಿದವರೇ. ನೆರೆಮನೆಯ ಮೆರ್ಲ್ ಎರಡು ಸಲ ಏರಿದ್ದ.

"ಹೃದಯ ನಿಂತು ಸತ್ತನಂತೆ," ಎಂದ ಮೆರ್ಲ್, ಲೋರೀನ್‌ಗೆ ಕೇಳಲಿ ಎಂದೇ. "ಅವನಿಗೇ ಬಿಚ್ಚಿ ನೋಡೋಕೆ ಬಿಟ್ಟಿದ್ರೆ ಅದೂ ನನ್ನ ತಪ್ಪೇ ಅಂತಿದ್ದ."

ಯಾರೋ ಮೂಗಿನಲ್ಲೇ ನಕ್ಕರು.

* * *

ಹತ್ತು ವರ್ಷದ ಹಿಂದೆ ಕೌಂಟಿ ಪಂದ್ಯದಲ್ಲಿ ಡ್ವೇನ್ ಓಡಿಸುತ್ತಿದ್ದ ಟ್ರಕ್ ಗೆಲುವಿನ ಗೆರೆಗೆ ಮಾರು ದೂರವಿರುವಾಗ ಬಿಳಿ ಹೊಗೆ ಕಾರಿ ಸತ್ತಿತ್ತು. ಆರು ಪಿಸ್ಟನ್ನಿನ ಆ ಎಂಜಿನ್ ಕಟ್ಟಿದವನು ಎಲ್ಡನ್. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೂ ತಾನೇ ಉಜ್ಜಿ ಕೂಡಿಸಿದ್ದ.

ಅವನದೊಂದು ಮಾತು ಊರಿಗೆಲ್ಲ ಬಾಯಿಪಾಠವಾಗಿತ್ತು. ಪಿಸ್ಟನ್ ಎಲ್ಲವೂ ಸುಟ್ಟಿದ್ದರೆ ಓಡಿಸಿದವನ ದುರಾಸೆ, ಡೀಸೆಲ್ ಅತಿಯಾಗಿ ಬಿಟ್ಟಿದ್ದಾನೆ. ಒಂದೇ ಸುಟ್ಟಿದ್ದರೆ ಅದರ ಇಂಜೆಕ್ಟರ್ ಸೋರಿದೆ, ಕೂಡಿಸಿದವನನ್ನು ಕೇಳಿ.

ಆ ಸಲ ಮಾತ್ರ ಎಲ್ಡನ್ ಷೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬನೇ ಬಿಚ್ಚಿದ. ಹೊರಗೆ ಬಂದಾಗ ಕೈಯಲ್ಲಿದ್ದುದು ಒಂದೇ ಪಿಸ್ಟನ್. ಅದರ ನೆತ್ತಿ ಮೇಣದಂತೆ ಕರಗಿ ತೂತುಬಿದ್ದಿತ್ತು.

"ಆಕ್ಸಿಲರೇಟರ್ ಮೇಲೆ ಇವನ ಕಾಲು ತಡೆದು ನಿಲ್ಲಲ್ಲ," ಎಂದು ಜನರಿಗೆ ಹೇಳಿದ.

"ಉಳಿದ ಐದು ತೋರಿಸಪ್ಪ," ಎಂದ ಡ್ವೇನ್.

"ಅವೂ ಹೀಗೇ ಇವೆ. ನನ್ನ ಮಾತು ಸಾಲದಾ?"

ಹೆಸರು ಬರೆದು ತೂಗುಹಾಕಿದ. ಆಮೇಲೆ ಡ್ವೇನ್‌ಗೆ ಯಾರೂ ಟ್ರಕ್ ಕೊಡಲಿಲ್ಲ. ಮೂರು ಕೌಂಟಿ ಆಚೆ ಹಾಲಿನ ಲಾರಿ ಓಡಿಸಲು ಹೋದವನು ಮನೆಯ ಹೊಸಿಲನ್ನು ಮತ್ತೆ ತುಳಿದಿರಲಿಲ್ಲ.

* * *

"ಆ ಐದನ್ನ ತೋರಿಸಲಿ, ಹೊರ್ತೀನಿ," ಎಂದ ಡ್ವೇನ್ ಈಗ. ತೋರಿಸಬೇಕಾದವನು ಪೆಟ್ಟಿಗೆಯಲ್ಲಿ ಮಲಗಿದ್ದ.

ಲೋರೀನ್ ಒಳಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದಳು. ಬರ್ನೀಸ್ ತಿರುಗಿಯೂ ನೋಡಲಿಲ್ಲ.

"ಮನೆಗೆ ಕರ್ಕೊಂಡು ಹೋಗು. ಅಡುಗೆಮನೆ ಬಾಗಿಲು ಬಡಿದುಕೊಳ್ಳದ ಹಾಗೆ ಏನು ಇಟ್ಟಿದೀನಿ ನೋಡ್ಲಿ. ಉಳಿದ ನಾಲ್ಕು ಹೂಕುಂಡದ ಕೆಳಗಿವೆ."

ಬಾಗಿಲಿಗಿಟ್ಟ ಆ ಲೋಹದ ಗುಂಡನ್ನು ಲೋರೀನ್ ಎಷ್ಟೋ ಸಲ ಎಡವಿ ಬೈದುಕೊಂಡಿದ್ದಳು. ಮೆಕ್ಯಾನಿಕ್‌ನ ಮನೆಯಲ್ಲಿ ಪಿಸ್ಟನ್ ಬಿದ್ದಿರುವುದು ಏನು ದೊಡ್ಡದು!

"ಅಪ್ಪಂಗೆ ಗೊತ್ತಿತ್ತಾ?"

"ಗುಜರಿ ಡ್ರಮ್ಮಿಗೆ ಎಸೆದಿದ್ದ. ನಾನು ಎತ್ಕೊಂಡು ಬಂದಿಟ್ಟೆ. ದಿನಾ ಬೆಳಿಗ್ಗೆ ಕಾಫಿಗೆ ಬರುವಾಗ ದಾಟ್ಕೊಂಡೇ ಬರ್ತಿದ್ದ. ತೆಗಿ ಅಂತ ಒಂದು ದಿನಾನೂ ಬಾಯಿ ಬಿಡಲಿಲ್ಲ."

"ಡ್ವೇನ್‌ಗೆ ಹೇಳ್ಬಾರದಿತ್ತಾ ಅಮ್ಮ?"

"ನಿಮ್ಮಪ್ಪನೇ ಹೇಳ್ಲಿ ಅಂತ ಕಾದೆ," ಎಂದಳು ಬರ್ನೀಸ್. "ಇವನಾದ್ರೂ ಒಂದ್ಸಲ ಒಳಗೆ ಬಂದಿದ್ರೆ ಕಾಲಿಗೆ ತಗುಲ್ತಿತ್ತು."

ಮನೆ ಹೊಲದ ಆಚೆಗೇ. ಲೋರೀನ್ ತಮ್ಮನಿಗೆ ಎಲ್ಲ ಹೇಳಿ ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಚರ್ಚಿನ ಹೆಂಗಸರು ತಂದಿಟ್ಟ ಹ್ಯಾಮ್ ಮತ್ತು ಆಲೂಗಡ್ಡೆಯ ತಟ್ಟೆಗಳು ಬಟ್ಟೆ ಮುಚ್ಚಿಕೊಂಡಿದ್ದವು. ಡ್ವೇನ್ ಬೋರಲಾಗಿದ್ದ ಪಿಸ್ಟನ್ನನ್ನು ಎತ್ತಿ ತಿರುಗಿಸಿದ. ಪಕ್ಕೆಯಲ್ಲಿ ಎಲ್ಡನ್ ಉಳಿ ಹಿಡಿದು ಕೊರೆದ ಸಂಖ್ಯೆ, ಜೊತೆಗೆ ಮಗನ ಹೆಸರಿನ ಮೊದಲಕ್ಷರ. ನೆತ್ತಿಯ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದ. ಅದರ ಕೆಳಗೆ ಸುಟ್ಟ ಗುರುತಿರಲಿ, ಒಂದು ಗೀರೂ ಇರಲಿಲ್ಲ. ಹೂಕುಂಡಗಳನ್ನು ಒಂದೊಂದಾಗಿ ಸರಿಸಿದ. ನಾಲ್ಕೂ ಹಾಗೇ. ಅಂದು ಸುಟ್ಟಿದ್ದುದು ಒಂದೇ.

ಆಸರೆ ತಪ್ಪಿದ ಬಾಗಿಲು ನಿಧಾನವಾಗಿ ಬಂದು ಅವನ ಬೆನ್ನಿಗೆ ಒರಗಿತು.

"ಅಪ್ಪನಿಗಿಂತ ಅಮ್ಮನೇ ಗಟ್ಟಿ," ಎಂದ. ಅದು ಹೊಗಳಿಕೆಯಂತೆ ಕೇಳಿಸಲಿಲ್ಲ.

ಚರ್ಚಿಗೆ ಮರಳಿ ಯಾರ ಮುಖವನ್ನೂ ನೋಡದೆ ಆರನೆಯ ಹಿಡಿಗೆ ಎಡಗೈ ಕೊಟ್ಟ. ಬಲಗೈಯಲ್ಲಿ ಪಿಸ್ಟನ್, ನೆತ್ತಿ ಹೊರಗೆ. ಮೆಟ್ಟಿಲಿಳಿಯುವಾಗ ಮೆರ್ಲ್‌ನ ಕಣ್ಣು ಪೆಟ್ಟಿಗೆಯಿಂದ ಅದರ ಮೇಲೆ ಜಾರಿತು. ಅವನು ಪಕ್ಕದವನ ಪಕ್ಕೆಗೆ ತಿವಿದ. ಪಿಸುಮಾತು ಸಾಲಿನುದ್ದಕ್ಕೂ ಹರಿದು ಸಮಾಧಿಯವರೆಗೂ ಹಿಂಬಾಲಿಸಿತು.

ಕುಣಿಗೆ ಅಡ್ಡಲಾಗಿ ಬಿಗಿದಿದ್ದ, ಕೆಳಗಿಳಿಸುವ ಪಟ್ಟಿಗಳ ಮೇಲೆ ಪೆಟ್ಟಿಗೆ ಕೂತಿತು. ಡ್ವೇನ್ ಪಿಸ್ಟನ್ನನ್ನು ಮುಚ್ಚಳದ ಮೇಲೆ, ಹೂವಿನ ನಡುವೆ, ನೆತ್ತಿ ಮೇಲಾಗಿ ಇಟ್ಟು ಹಿಂದೆ ಸರಿದ.

ಪ್ರಾರ್ಥನೆ ಮುಗಿಯಿತು. ಅದನ್ನು ತೆಗೆಯಲು ಪಾದ್ರಿ ಕೈ ಚಾಚಿದ. ಬರ್ನೀಸ್ ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು. ಪಟ್ಟಿಗಳು ಸಡಿಲಗೊಂಡು ಪೆಟ್ಟಿಗೆ ಪೂರ್ತಿ ಕೆಳಗಿಳಿಯುವವರೆಗೂ ಬಿಡಲಿಲ್ಲ.